ಮಾತಾಡದ ನೀರು

ಪಾದ್ರಿ ಮಾನೋಲ್ ಮಾತಿನ ಮಲ್ಲ. ಬ್ರೆಸ್ತಾಕ್ ಊರಿನಲ್ಲಿ ಯಾರೂ ಇದನ್ನು ದೂರಿನಂತೆ ಹೇಳುತ್ತಿರಲಿಲ್ಲ. ಪಾದ್ರಿಯಾದವನು ಮಾತಾಡದೆ ಕತ್ತೆ ಕಾಯುತ್ತಾನೆಯೇ? ಹುಟ್ಟಿದ ಮಗುವಿಗೆ ಹೆಸರು ಅವನ ಬಾಯಿಂದಲೇ, ಸತ್ತವರಿಗೆ ಬೀಳ್ಕೊಡುಗೆಯೂ ಅವನ ಬಾಯಿಂದಲೇ. ನಡುವೆ ಹೊಸ ಟ್ರ್ಯಾಕ್ಟರು, ಜೇನುಪೆಟ್ಟಿಗೆ, ದ್ರಾಕ್ಷಿ ತೋಟ, ಒಂದು ಸಲ ಅಂಗಡಿಯವನ ಹೊಸ ಫ್ರಿಜ್ಜನ್ನೂ ಆಶೀರ್ವದಿಸಿದ್ದ. ನೀರು ಕಂಡರಂತೂ ಮುಗಿಯಿತು. ಬಲಗೈ ತಾನಾಗಿ ಮೇಲೇಳುತ್ತಿತ್ತು, ಬಾಯಿ ತಾನಾಗಿ ಪ್ರಾರ್ಥನೆ ಶುರುಮಾಡುತ್ತಿತ್ತು.

ತೊಂದರೆ ಇದ್ದದ್ದೂ ಅಲ್ಲೇ. ಎಲ್ಲವೂ ತಾನಾಗಿ ಆಗುತ್ತಿತ್ತು, ಮಾನೋಲ್ ಮಾತ್ರ ಅಲ್ಲಿರುತ್ತಿರಲಿಲ್ಲ. ಕೆಲವು ವರ್ಷಗಳಿಂದ ಅವನ ಪ್ರಾರ್ಥನೆ ಬರೀ ಗಿಳಿಪಾಠವಾಗಿತ್ತು. ನಾಲಿಗೆ ಒಂದು ಕಡೆ ಓಡಿದರೆ ಮನಸ್ಸು ಚರ್ಚಿನ ಸೋರುವ ಮಾಡಿನ ಮೇಲೋ ಮಧ್ಯಾಹ್ನದ ಊಟದ ಮೇಲೋ ಕೂತಿರುತ್ತಿತ್ತು. ದೇವರಿಲ್ಲ ಎಂದು ಅವನಿಗೆ ಅನ್ನಿಸಿರಲಿಲ್ಲ. ಹಾಗನ್ನಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ದೇವರು ಇದ್ದ. ಒಂದೇ ಮನೆಯಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಇಬ್ಬರ ನಡುವೆ ಮಾತು ಬಿಟ್ಟುಹೋಗಿತ್ತು, ಅಷ್ಟೇ. ಇದು ಅವನಿಗೆ ಒಳಗೊಳಗೇ ಬಹಳ ದುಃಖ ಕೊಟ್ಟಿತ್ತು. ತನ್ನ ಬಳಿಯೇ ಇಲ್ಲದ ಸರಕು ಮಾರುವ ವ್ಯಾಪಾರಿ ತಾನು ಎಂದು ನಾಚಿಕೆಯೂ ಆಗುತ್ತಿತ್ತು.

ಕೊನೆಗೆ ತೀರ್ಮಾನ ಮಾಡಿದ್ದ. ಜೂನ್ ಕೊನೆಗೆ ಬರುವ ಸಂತ ಪೇತ್ರನ ಹಬ್ಬ ಮುಗಿಯುತ್ತಲೇ ಬಿಷಪ್ಪರ ಬಳಿಗೆ ಹೋಗಿ ನಿಲುವಂಗಿ ಕಳಚಿಟ್ಟು ಬರುವುದು. ಆಮೇಲೆ ಬುರ್ಗಾಸ್ ಪೇಟೆಯಲ್ಲಿ ಹೆಂಡತಿಯ ಅಣ್ಣನ ಟೈಲ್ಸ್ ಅಂಗಡಿಯಲ್ಲಿ ಕೆಲಸ. ಅಲ್ಲಿಯ ಚರ್ಚಿನಲ್ಲಿ ಪಾದ್ರಿಗಳು ಮದುವೆಯಾಗುವುದುಂಟು; ಈ ತೀರ್ಮಾನ ಗೊತ್ತಿದ್ದದ್ದು ಹೆಂಡತಿ ಝಿವ್ಕಾಗೆ ಮಾತ್ರ.

"ಟೈಲ್ಸ್ ಮಾರೋದು ಪಾಪ ಏನಲ್ಲ ಬಿಡು," ಎಂದಿದ್ದಳು ಅವಳು. "ಆದ್ರೆ ಗಿರಾಕಿ ಬಂದಾಗ ಟೈಲ್ಸ್‌ಗೆ ಆಶೀರ್ವಾದ ಮಾಡ್ತಾ ನಿಂತ್ಕೋಬೇಡ. ನಮ್ಮಣ್ಣ ಓಡಿಸಿಬಿಡ್ತಾನೆ."

ತಮಾಷೆ ಮಾಡಿದಳೇ ಹೊರತು ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ.

ಪೇತ್ರನ ಹಬ್ಬಕ್ಕೆ ಮೊದಲು ಎನ್ಯೊವ್‌ದೆನ್ ಬರುತ್ತದೆ. ಚರ್ಚಿನಲ್ಲಿ ಅದು ಸ್ನಾನಿಕ ಯೋಹಾನ ಹುಟ್ಟಿದ ದಿನ; ಊರಿನ ಹೆಂಗಸರಿಗೆ ಮಾತ್ರ ಬೆಳಗಿನ ಜಾವ ಗುಡ್ಡ ಹತ್ತಿ ಮದ್ದಿನ ಸೊಪ್ಪು ಕೀಳುವ ದಿನ. ಹಬ್ಬದ ಹಿಂದಿನ ಸಂಜೆ ಮಾನೋಲ್ ಕಾಯಿಲೆಯವರಿಗೆ ಹಚ್ಚುವ ಪವಿತ್ರ ತೈಲದ ಕುಪ್ಪಿ ಹಿಡಿದು ಗ್ರೂದಾ ಅಜ್ಜಿಯ ಕೋಣೆಗೆ ಹೋದ. ಗ್ರೂದಾ ಅಜ್ಜಿ ಮದುವೆಯಾದವಳಲ್ಲ. ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಮಾರುತ್ತಲೇ ಮುದುಕಿಯಾದವಳು. ಮೂವರು ಪಾದ್ರಿಗಳನ್ನು ಕಂಡಿದ್ದಳು, ಮೂವರನ್ನೂ ಬೈದಿದ್ದಳು. ಈಗ ಎದೆಯಲ್ಲಿ ನೀರು ತುಂಬಿ ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಝಿವ್ಕಾ ದಿನಕ್ಕೆರಡು ಸಲ ಸೂಪು, ಮೊಸರು ಕೊಟ್ಟು ಬರುತ್ತಿದ್ದಳು.

ಕುಪ್ಪಿ ಕಂಡದ್ದೇ ಅಜ್ಜಿ ಮುಖ ತಿರುಗಿಸಿದಳು.

"ಎಣ್ಣೆ ಆಮೇಲೆ ಹಚ್ಚುವಿಯಂತೆ. ನಾನು ನಾಳೆ ಸಾಯಲ್ಲ. ನನಗೆ ನೀರು ಬೇಕು."

ಮಾನೋಲ್ ಲೋಟಕ್ಕೆ ಕೈ ಹಾಕಿದ.

"ಅಯ್ಯೋ ಪೆದ್ದೇ, ಆ ನೀರಲ್ಲ! ನಾಳೆ ಎನ್ಯೊವ್‌ದೆನ್. ಮೌನದ ನೀರು ಬೇಕು. ಮುಖ ತೊಳ್ಕೋಬೇಕು ನಾನು. ಕಾಲು ನೆಟ್ಟಗಿರೋ ತನಕ ಒಂದು ವರ್ಷಾನೂ ತಪ್ಪಿಸಿದೋಳಲ್ಲ. ಹೋದ ವರ್ಷ ತಪ್ಪಿತು, ನೋಡು ಹಾಸಿಗೆ ಹಿಡಿದೆ."

"ಅಜ್ಜಿ, ಅದೆಲ್ಲ ಮೂಢನಂಬಿಕೆ. ಚರ್ಚು..."

"ಚರ್ಚಿನ ಬಾಗಿಲಲ್ಲಿ ನಿನಗಿಂತ ಹೆಚ್ಚು ದಿನ ಕೂತಿದೀನಿ ಕಣಪ್ಪಾ ಪಾದ್ರಿ, ನನಗೆ ಹೇಳಬೇಡ. ಆ ತಾಮ್ರದ ಬಿಂದಿಗೆ ತಗೋ. ಹೊತ್ತು ಹುಟ್ಟೋಕೆ ಮುಂಚೆ ಮೇಲಿನ ಒರತೆಗೆ ಹೋಗು. ಮನೆ ಬಿಟ್ಟಾಗಿಂದ ನನ್ನ ಕೈಗೆ ನೀರು ಕೊಡೋ ತನಕ ತುಟಿ ಎರಡು ಮಾಡಬಾರದು. ಬಾಯಿ ಬಿಟ್ಟೆಯೋ, ನೀರು ಸತ್ತುಹೋಯ್ತು. ಮರದ ಬುಡಕ್ಕೆ ಚೆಲ್ಲಿ ಮತ್ತೆ ಹೋಗಿ ತುಂಬಬೇಕು. ಆಮೇಲೆ ಬಿಸಿಲು ಆ ನೀರನ್ನ ನೋಡಬಾರದು, ಮುಚ್ಕೊಂಡು ಬಾ."

"ಸೊಪ್ಪು ಕೀಳೋಕೆ ಹೆಂಗಸರು ಹೋಗ್ತಾರಲ್ಲ, ಅವರ ಕೈಲಿ ಹೇಳಿದ್ರೆ..."

"ಹೆಂಗಸರಾ! ಗುಬ್ಬಚ್ಚಿ ಹಿಂಡಿನ ಹಾಗೆ ಚಿಲಿಪಿಲಿ ಅಂತಾ ಹೋಗ್ತಾರೆ. ಮೌನದ ನೀರಿಗೆ ಒಬ್ಬೊಬ್ಬರೇ ಹೋಗಬೇಕು. ನಿನ್ನ ಹೆಂಡತಿಗೆ ಮಂಡಿ ನೋವು. ಇನ್ಯಾರಿದಾರೆ ನನಗೆ?"

ಮಾನೋಲ್ ಕುಪ್ಪಿಯನ್ನು ಜೇಬಿಗೆ ಸೇರಿಸಿದ. ಪಾದ್ರಿಯಾಗಿ ತಾನು ಈ ಮುದುಕಿಗೆ ಮಾಡಬಹುದಾದ ಕೊನೆಯ ಉಪಕಾರ ಇದೇ ಇರಬೇಕು ಎಂದುಕೊಂಡು ಬಿಂದಿಗೆ ತೆಗೆದುಕೊಂಡ.

ಮನೆಯಲ್ಲಿ ಝಿವ್ಕಾ ಬಿಂದಿಗೆ ನೋಡಿ, ಗಂಡನ ಮುಖ ನೋಡಿ, ಕುರ್ಚಿ ಹಿಡಿದುಕೊಂಡು ನಕ್ಕಳು. "ನೀನಾ? ಮೌನದ ನೀರಾ? ನಿದ್ದೇಲೂ ಪ್ರವಚನ ಮಾಡ್ತೀಯಲ್ಲೋ ಮಾರಾಯ! ಅಜ್ಜಿಗೆ ಈ ವರ್ಷಾನೂ ಮುಖ ತೊಳೆಯೋ ಭಾಗ್ಯ ಇಲ್ಲ ಬಿಡು."

ಮರುದಿನ ಇನ್ನೂ ಕತ್ತಲಿರುವಾಗಲೇ ಮಾನೋಲ್ ಹೊರಟ. ಝಿವ್ಕಾ ಬಾಗಿಲಲ್ಲಿ ನಿಂತು ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಪೂಜೆಯ ಗಂಟೆ ಬಾರಿಸುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹೋಗಿ ಬರಲು ಅಂಥ ದೂರವೇನಲ್ಲ. ಊರಿನ ಕೊನೆಯ ಬೇಲಿ ದಾಟಿದರೆ ಓಕ್ ಕಾಡು, ಅದರ ಮೇಲೆ ಬೀಚ್ ಮರಗಳು, ಆ ಮರಗಳ ಬುಡದಲ್ಲಿ ಒರತೆ. ದಾರಿಯಲ್ಲಿ ಯಾರೂ ಸಿಗಲಿಲ್ಲ. ಇದೇನು ಮಹಾ ಕಷ್ಟ ಎಂದುಕೊಳ್ಳುತ್ತಾ ಹತ್ತಿದ. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು, ಅದೊಂದೇ ತೊಂದರೆ.

ಒರತೆ ಚಿಕ್ಕದು. ಬಂಡೆಯ ಸಂದಿಯಿಂದ ಕೊಳವೆಯಂತೆ ಕೊರೆದ ಮರದ ದೋಣಿಯೊಂದು ನೀರನ್ನು ಹೊರಗೆ ತರುತ್ತದೆ, ಕೆಳಗೆ ನೀರು ನಿಲ್ಲಲು ಒಂದು ಕಲ್ಲಿನ ಮರಿಗೆ. ಯಾರು ಯಾವಾಗ ಇಟ್ಟರೋ, ಬದಿಯಲ್ಲೊಂದು ಹಳೆಯ ಕಲ್ಲಿನ ಶಿಲುಬೆ ಪಾಚಿ ಕಟ್ಟಿಕೊಂಡು ನಿಂತಿದೆ. ಮಾನೋಲ್ ಮರಿಗೆಯಲ್ಲಿ ಬಿಂದಿಗೆ ಮುಳುಗಿಸಿ ಎತ್ತಿ, ಬಂಡೆಯ ಮೇಲಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡ. ಎದುರಿಗೆ ನೀರು. ಬಲಗೈ ಮೇಲೆದ್ದಿತು. ನೀರಿನ ಆಶೀರ್ವಾದದ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ, ರಾಗವಾಗಿ, ಗಟ್ಟಿಯಾಗಿ ಹೇಳಿ ಮುಗಿಸಿ ಆಮೆನ್ ಎಂದ ಮೇಲೆ ಅವನಿಗೆ ಎಚ್ಚರವಾಯಿತು.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನೆ ಹೇಳುತ್ತಾರೆಯೇ?

ಸುತ್ತ ನೋಡಿದ. ಯಾರೂ ಇಲ್ಲ. ಅಜ್ಜಿಗೆ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಪ್ರಾರ್ಥನೆಯನ್ನು ಮಾತು ಎನ್ನಲಾದೀತೇ ಎಂದು ವಾದ ಹೂಡಿದ. ಮಾತು ಮನುಷ್ಯರ ಜೊತೆ ಆಡುವುದು, ಪ್ರಾರ್ಥನೆ ದೇವರ ಜೊತೆ. ಆಶೀರ್ವಾದವಾದ ನೀರು ಇನ್ನೂ ಒಳ್ಳೆಯದೇ ಆಯಿತಲ್ಲ? ವಾದ ಚೆನ್ನಾಗಿಯೇ ಇತ್ತು, ಬಿಷಪ್ಪರೂ ತಲೆದೂಗುತ್ತಿದ್ದರು. ಆದರೆ ಅಷ್ಟೂ ಹೊತ್ತು ತನ್ನ ತಲೆಯಲ್ಲಿ ಇದ್ದದ್ದೇನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೂಟು. ಮೊದಲಿನಿಂದ ಆಮೆನ್‌ವರೆಗೆ ಹಿಮ್ಮಡಿ ಕಚ್ಚುವ ಬೂಟು. ದೇವರ ಜೊತೆ ಆಡಿದ್ದಲ್ಲ, ಮನುಷ್ಯರ ಜೊತೆ ಆಡಿದ್ದೂ ಅಲ್ಲ. ಇದು ಮಾತಲ್ಲದಿದ್ದರೆ ಮತ್ತಾವುದು ಬರಿಯ ಮಾತು?

ಅವನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನೀರನ್ನು ಬೀಚ್ ಮರದ ಬುಡಕ್ಕೆ ಚೆಲ್ಲಿ, ಮತ್ತೆ ತುಂಬಿ, ಹಲ್ಲು ಕಚ್ಚಿಕೊಂಡು ಇಳಿಯತೊಡಗಿದ.

ಓಕ್ ಕಾಡಿನ ತಿರುವಿನಲ್ಲಿ ಕುರಿಗಾಹಿ ವಲ್ಕೊ ಎದುರಾದ, ಹಿಂದೆ ಕುರಿಮಂದೆ. ಬೆಳಗೆದ್ದು ಪಾದ್ರಿಯ ಮುಖ ಕಂಡರೆ ಕೆಲಸ ಕೆಡುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಪರಿಹಾರಕ್ಕೆ ಅಂಗಿಯ ಗುಂಡಿ ಹಿಡಿದುಕೊಳ್ಳಬೇಕು. ವಲ್ಕೊ ಎಡಗೈಯಲ್ಲಿ ಮೆಲ್ಲಗೆ ಗುಂಡಿ ಹಿಡಿದುಕೊಂಡು, ಬಲಗೈಯಲ್ಲಿ ಟೋಪಿ ತೆಗೆದು, "ಆಶೀರ್ವದಿಸಿ ಪಾದ್ರಿಗಳೇ!" ಎಂದ.

"ದೇವರ ಆಶೀರ್ವಾದ ಇರಲಪ್ಪಾ ವಲ್ಕೊ," ಎಂದ ಮಾನೋಲ್.

ಹೇಳಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದ. ವಲ್ಕೊ ಬಿಂದಿಗೆ ನೋಡಿದ, ಪಾದ್ರಿಯ ಕೈ ನೋಡಿದ, ಅವನಿಗೂ ತಿಳಿಯಿತು.

"ಅಯ್ಯಯ್ಯೋ, ಮೌನದ ನೀರಾ? ಗ್ರೂದಾ ಅಜ್ಜಿಗಾ? ನಿಮ್ಮನ್ನ ನೋಡಿದ್ದು ನನಗೆ ಅಪಶಕುನ ಅಂದ್ಕೊಂಡೆ. ನೋಡಿದ್ರೆ ನಾನೇ ನಿಮಗೆ ಅಪಶಕುನ ಆಗ್ಬಿಟ್ಟೆನಲ್ಲ! ನೀವೂ ಒಂದು ಗುಂಡಿ ಹಿಡ್ಕೋಬೇಕಿತ್ತು." ಆಮೇಲೆ ದನಿ ತಗ್ಗಿಸಿ, "ಪರವಾಗಿಲ್ಲ, ತಗೊಂಡು ಹೋಗಿ. ನಾನು ಯಾರಿಗೂ ಹೇಳಲ್ಲ. ನನ್ನ ಕುರಿಗಳೂ ಹೇಳಲ್ಲ," ಎಂದ.

ಮಾನೋಲ್ ಪಕ್ಕದ ಓಕ್ ಮರದ ಬುಡಕ್ಕೆ ಬಿಂದಿಗೆ ಬಗ್ಗಿಸಿದ. ತಿರುಗಿ ಗುಡ್ಡ ಹತ್ತಿದ. ಹಿಂದಿನಿಂದ ವಲ್ಕೊ, "ನಿಧಾನಕ್ಕೆ ಹತ್ತಿ ಪಾದ್ರಿಗಳೇ, ಪೂಜೆ ತಡವಾದ್ರೆ ಯಾರೂ ಅಳಲ್ಲ!" ಎಂದು ಕೂಗಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ಚುಚ್ಚಿತು. ನಾನು ಊರು ಬಿಟ್ಟರೂ ಯಾರೂ ಅಳಲಿಕ್ಕಿಲ್ಲ ಎಂದುಕೊಂಡ.

ಮೇಲೆ ಬಂದು ನೋಡಿದರೆ ಮರಿಗೆ ಖಾಲಿ. ಎರಡು ಬಿಂದಿಗೆ ನೀರಿಗೆ ಅದರ ತಳ ಕಂಡಿತ್ತು. ಆ ವರ್ಷ ಮಳೆ ಕಡಿಮೆ. ದೋಣಿಯಿಂದ ಬೀಳುತ್ತಿದ್ದದ್ದು ನೂಲಿನಷ್ಟು ಧಾರೆ. ಮಾನೋಲ್ ಬಿಂದಿಗೆಯನ್ನು ನೇರ ಅದರ ಕೆಳಗಿಟ್ಟು ಬಂಡೆಯ ಮೇಲೆ ಕೂತ. ಕಾಯುವುದು ಬಿಟ್ಟು ದಾರಿಯಿರಲಿಲ್ಲ. ಬೂಟು ಬಿಚ್ಚಿ ಪಕ್ಕಕ್ಕಿಟ್ಟ.

ಬಾಯಿ ಮುಚ್ಚಿದ ಮಾತ್ರಕ್ಕೆ ಮಾತು ನಿಲ್ಲುತ್ತದೆಯೇ? ತಲೆಯೊಳಗೆ ಸಂತೆ ಸೇರಿತ್ತು. ಜನ ಸೇರಿರುತ್ತಾರೆ, ಏನೆಂದುಕೊಳ್ಳುತ್ತಾರೆ? ಬಿಷಪ್ಪರ ಮುಂದೆ ಹೇಗೆ ಶುರುಮಾಡುವುದು? ಬಾವಮೈದುನ ಮೊದಲ ದಿನವೇ ಗೋದಾಮಿಗೆ ಕಳಿಸಿಬಿಟ್ಟರೆ? ಆ ದಿನ ಚರ್ಚಿನಲ್ಲಿ ಓದುವ ಕಥೆಯೂ ನೆನಪಾಯಿತು. ಯೋಹಾನನ ಅಪ್ಪ, ಒಬ್ಬ ಮುದಿ ಪುರೋಹಿತ, ದೇವದೂತನ ಮಾತು ನಂಬದೆ ಮಗ ಹುಟ್ಟುವ ತನಕ ಮೂಗನಾದ ಕಥೆ. ಪ್ರತಿ ವರ್ಷ ಓದುತ್ತಿದ್ದ. ಅದು ಶಿಕ್ಷೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದ. ಸರಿ, ಇಷ್ಟು ಹೊತ್ತು ಸಿಕ್ಕಿದೆ, ಮನಸ್ಸಿನಲ್ಲಾದರೂ ಪ್ರಾರ್ಥನೆ ಮಾಡೋಣವೆಂದು ಶುರುಮಾಡಿದ. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನಂತೆ ಅದೇ ಪದಗಳು ಅದೇ ಸಾಲಿನಲ್ಲಿ ಬಂದು ನಿಂತವು. ಬೇಸರವಾಗಿ ಅದನ್ನೂ ಬಿಟ್ಟ.

ಬಿಟ್ಟ ಮೇಲೆ ಏನೂ ಉಳಿಯಲಿಲ್ಲ. ನೀರು ಬೀಳುವುದನ್ನು ಕೇಳುತ್ತಾ ಕೂತ. ಖಾಲಿ ಬಿಂದಿಗೆಗೆ ಬೀಳುವಾಗ ಟಣಟಣ ಎನ್ನುತ್ತಿತ್ತು. ಸ್ವಲ್ಪ ತುಂಬಿದ ಮೇಲೆ ದನಿ ಮೆತ್ತಗಾಯಿತು. ಮರಿಗೆಯ ಬುಡದಲ್ಲಿ ಹಳದಿ ಚುಕ್ಕೆಯ ಕಪ್ಪು ಹಲ್ಲಿಯಂಥದ್ದೊಂದು, ಒದ್ದೆ ಜಾಗದಲ್ಲಿ ಇರುವ ಪ್ರಾಣಿ, ನಿಧಾನವಾಗಿ ಕಾಲೆತ್ತಿ ಕಾಲಿಟ್ಟು ನಡೆಯಿತು. ಅವನ ಬರಿಗಾಲಿನ ಹತ್ತಿರ ಬಂದು, ನಿಂತು, ಇದು ಬಂಡೆಯೇ ಇರಬೇಕು ಎಂದು ತೀರ್ಮಾನಿಸಿ ಕಾಲಿನ ಮೇಲೇ ಹತ್ತಿ ಆ ಕಡೆಗೆ ಇಳಿಯಿತು. ತಣ್ಣಗಿತ್ತು. ಮಾನೋಲ್ ಅಲುಗಲಿಲ್ಲ. ಮೇಲೆಲ್ಲೋ ಮರಕುಟಿಗ ಒಂದೆರಡು ಪೆಟ್ಟು ಹಾಕಿ ಸುಮ್ಮನಾಯಿತು. ಎದುರಿನ ಬೀಚ್ ಮರದ ನೆತ್ತಿಗೆ ಬೆಳಕು ತಾಗಿ, ಕಾಂಡದ ಮೇಲೆ ಇಷ್ಟಿಷ್ಟೇ ಇಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಯಾವಾಗ ತಲೆಯೊಳಗಿನ ಸಂತೆ ಚದುರಿತೋ ಅವನಿಗೆ ಗೊತ್ತಾಗಲಿಲ್ಲ.

ಆಗ ಅನ್ನಿಸಿತು: ಇಲ್ಲಿ ನಾನೊಬ್ಬನೇ ಇಲ್ಲ.

ಆಕಾಶವೇನೂ ಬಿರಿಯಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಕಾಡು ಹೇಗಿತ್ತೋ ಹಾಗೇ ಇತ್ತು. ಆದರೆ ಆ ನೀರಿನಲ್ಲಿ, ಇಳಿಯುತ್ತಿದ್ದ ಬೆಳಕಿನಲ್ಲಿ, ತನ್ನ ಕಾಲಿನ ಮೇಲೆ ದಾಟಿ ಹೋದ ಆ ತಣ್ಣನೆಯ ಪ್ರಾಣಿಯಲ್ಲಿ ಒಂದು ಇರವು ಇತ್ತು, ಅದಕ್ಕೆ ಅವನು ಕಾಣುತ್ತಿದ್ದ. ಅದು ಈಗ ಬಂದದ್ದಲ್ಲ, ಮೊದಲಿನಿಂದಲೂ ಇಲ್ಲೇ ಇತ್ತು ಎಂಬುದೂ ತಿಳಿಯಿತು. ಮನೆಗೆ ಬಂದ ನೆಂಟ ಹೊಸಿಲಲ್ಲೇ ನಿಂತು ಒಂದೇ ಸಮ ಮಾತಾಡಿ, ಮನೆಯವರು ಬಾಯಿ ತೆರೆಯುವ ಮೊದಲೇ ಹೊರಟುಹೋದ ಹಾಗೆ ತಾನು ಇಷ್ಟು ವರ್ಷ ನಡೆದುಕೊಂಡೆ ಎಂದು ಅನ್ನಿಸಿತು. ಮುನಿಸಿಕೊಂಡದ್ದು ಎರಡೂ ಕಡೆಯವರಲ್ಲ, ಒಂದೇ ಕಡೆಯವನು. ಮಾನೋಲನಿಗೆ ಅಳು ಬಂತು. ದುಃಖದ ಅಳುವಲ್ಲ, ಬಹಳ ಸಂತೋಷವಾಗಿತ್ತು. ಗಡ್ಡ ಒದ್ದೆಯಾಗುವಷ್ಟು ಅತ್ತ, ಆದರೆ ತುಟಿ ಪಿಟಕ್ಕೆನ್ನಲಿಲ್ಲ.

ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿದ್ದದ್ದು ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಬಿತ್ತು.

ಅಗಲದ ಎಲೆಗಳನ್ನು ಕಿತ್ತು ಬಿಂದಿಗೆಯ ಬಾಯಿ ಮುಚ್ಚಿ, ಮೇಲೆ ನಿಲುವಂಗಿಯ ಸೆರಗು ಎಳೆದುಕೊಂಡು ಇಳಿದ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವವರು ತುಂಬಿದ ಕೊಡ ಹಿಡಿದು ಇಳಿಜಾರಿನಲ್ಲಿ ನಡೆದವರಲ್ಲ. ಚೆನ್ನಾಗಿಯೇ ತುಳುಕುತ್ತದೆ. ಊರು ಮುಟ್ಟುವಷ್ಟರಲ್ಲಿ ನಿಲುವಂಗಿ ಮೊಣಕಾಲಿನ ತನಕ ಒದ್ದೆ. ಬೂಟು ಒರತೆಯ ಹತ್ತಿರವೇ ಉಳಿದಿತ್ತು.

ಬಿಸಿಲು ಏರಿತ್ತು. ಚರ್ಚಿನ ಅಂಗಳದಲ್ಲಿ ಜನ ಸೇರಿದ್ದರು, ಹೆಂಗಸರ ಕೈಯಲ್ಲಿ ಮದ್ದಿನ ಸೊಪ್ಪಿನ ಕಟ್ಟುಗಳು. ಗ್ರೂದಾ ಅಜ್ಜಿಯ ಕೋಣೆಗೆ ಆ ಅಂಗಳ ದಾಟಿಯೇ ಹೋಗಬೇಕು. "ಆಶೀರ್ವದಿಸಿ ಪಾದ್ರಿಗಳೇ," ಎಂದು ಎಲ್ಲ ಕಡೆಯಿಂದ ದನಿಗಳು ಬಂದವು. ಮಾನೋಲ್ ಬರಿಗಾಲಲ್ಲಿ, ಅತ್ತು ಕೆಂಪಾದ ಕಣ್ಣಲ್ಲಿ, ನೇರ ಮುಂದೆ ನೋಡುತ್ತಾ ನಡೆದ.

"ಏನಾಯ್ತೇ ಇವರಿಗೆ? ಕುಡಿದಿದಾರಾ?"

"ಬೂಟು ಎಲ್ಲಿ?"

"ಬಾಯಿ ಬಿದ್ದುಹೋಯ್ತೇನೋ ಪಾಪ!"

ಮೆಟ್ಟಿಲ ಮೇಲೆ ನಿಂತಿದ್ದ ಝಿವ್ಕಾ ಕುಂಟುತ್ತಾ ಇಳಿದು ಬಂದು ಜನರನ್ನು ಎರಡೂ ಕೈಯಿಂದ ಸರಿಸಿದಳು. "ದಾರಿ ಬಿಡ್ರಮ್ಮಾ. ಇವತ್ತು ಪಾದ್ರಿಗೆ ಬಾಯಿಗೆ ಬೀಗ ಬಿದ್ದಿದೆ. ನನಗೆ ನಿಜವಾದ ಹಬ್ಬ ಇವತ್ತೇ!" ಹಾಗೆನ್ನುತ್ತಲೇ ಗಂಡನ ಮುಖ ನೋಡಿದಳು. ಅವಳ ನಗು ಅಲ್ಲಿಗೇ ನಿಂತಿತು. ಈ ಮುಖವನ್ನು ಅವಳು ಮದುವೆಯಾದ ಹೊಸದರಲ್ಲಿ ನೋಡಿದ್ದಳು, ಆಮೇಲೆ ನೋಡಿರಲಿಲ್ಲ. ಮುಂದೆ ಹೋಗಿ ಅಜ್ಜಿಯ ಕೋಣೆಯ ಬಾಗಿಲು ತೆರೆದು ಹಿಡಿದಳು.

ಅಜ್ಜಿ ದಿಂಬಿಗೆ ಒರಗಿ ಕಾಯುತ್ತಾ ಕೂತಿದ್ದಳು.

"ಎಷ್ಟು ಸಲ ಚೆಲ್ಲಿದೆ?"

ಮಾನೋಲ್ ಎರಡು ಬೆರಳು ತೋರಿಸಿದ.

"ಎರಡೇನಾ? ನಾನು ಮೊದಲನೇ ಸಲ ಹೋದಾಗ ಮಧ್ಯಾಹ್ನದ ತನಕ ಚೆಲ್ಲಿದ್ದೆ. ಕೊಡು ಇತ್ತ."

ಅಜ್ಜಿ ಅವನಿಂದ ತೊಳೆಸಿಕೊಳ್ಳಲಿಲ್ಲ. ಬಿಂದಿಗೆಗೆ ತಾನೇ ಬೊಗಸೆಯಿಟ್ಟು ನೀರು ಎತ್ತಿಕೊಂಡು ಹಣೆ, ಕಣ್ಣು, ಬೊಚ್ಚು ಬಾಯಿ, ಕತ್ತು ಎಲ್ಲ ತೊಳೆದುಕೊಂಡಳು. ನೀರು ಸುಕ್ಕುಗಳಲ್ಲಿ ನಿಂತು, ಆಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ದಿಂಬಿಗೆ ಒರಗಿದಳು.

"ಈ ಕಾಯಿಲೆ ಹೋಗಲ್ಲ ಅಂತ ನನಗೂ ಗೊತ್ತು," ಎಂದಳು. "ಅಲ್ಲಿಗೆ ಇನ್ನೊಂದ್ಸಲ ಹೋಗಿ ಕೂತ್ಕೋಬೇಕು ಅಂತ ಆಸೆ ಇತ್ತು. ಆಗಲಿಲ್ಲ. ನೀರಾದ್ರೂ ಬಂತು." ಕಣ್ಣು ತೆರೆದು ಅವನ ಕಡೆ ನೋಡಿದಳು. "ಈಗ ಮಾತಾಡಬಹುದು ನೀನು. ಈ ನೀರಿನ ಮೇಲೆ ಆಡೋ ಮೊದಲನೇ ಮಾತು ಒಳ್ಳೇದಾಗಿರಬೇಕು. ಪ್ರಾರ್ಥನೆ ಹೇಳು."

ಮಾನೋಲ್ ಹಾಸಿಗೆಯ ಪಕ್ಕ ಮೊಣಕಾಲೂರಿದ. ಮಾತು ಕಲಿತಾಗಿನಿಂದ ಹೇಳುತ್ತಾ ಬಂದ ಪ್ರಾರ್ಥನೆ, ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಒಂದೇ ಉಸಿರಿಗೆ ಹೇಳಿ ಮುಗಿಸುವಂಥದ್ದು.

"ನಮ್ಮ ತಂದೆಯೇ," ಎಂದ.

ಅಲ್ಲಿಗೆ ನಿಂತ. ಮುಂದಿನ ಪದ ಬಾಯಿಗೆ ಬರಲಿಲ್ಲ. ಹೊರಗೆ ಪೂಜೆಯ ಗಂಟೆ ಬಾರಿಸಿತು. ಕರೆಯಲು ಬಂದ ಝಿವ್ಕಾ ಹೊಸಿಲಲ್ಲೇ ನಿಂತುಬಿಟ್ಟಳು.

"ಏನಪ್ಪಾ, ಮರೆತುಹೋಯ್ತಾ?" ಎಂದಳು ಅಜ್ಜಿ.

"ಇಲ್ಲ ಅಜ್ಜಿ." ಮಾನೋಲ್ ಹಾಸಿಗೆಯ ಅಂಚು ಹಿಡಿದುಕೊಂಡ. "ಕರೆದೆನಲ್ಲ... ಅವನು ಕೇಳಿಸ್ಕೊಂಡ ಅನ್ನಿಸ್ತು."

ಗ್ರೂದಾ ಅಜ್ಜಿ ಒದ್ದೆ ಕೈಯನ್ನು ಅವನ ತಲೆಯ ಮೇಲಿಟ್ಟಳು. ಅವಳ ಉಸಿರು ಎದೆಯಲ್ಲಿ ಗೊರಗೊರ ಎನ್ನುತ್ತಿತ್ತು.

"ಹಾಗಾದ್ರೆ ನಿಧಾನಕ್ಕೆ ಹೇಳು," ಎಂದಳು. "ನನಗೇನು ಅವಸರ ಇಲ್ಲ."